ಒಂಟಿ ಗಿಟಾರಿಗೆ ಡ್ರಮ್ಸು ಜೊತೆಯಾದಾಗ

2004ರಲ್ಲಿ ‘ಸ್ಪೈಡರ್‌ಮ್ಯಾನ್-2’ ನೋಡಿದವರ ಪೈಕಿ ಎಷ್ಟು ಮಂದಿ ಕೊನೆಯ ಹೆಸರುಗಳು ಪರದೆಯ ಮೇಲೆ ಹರಿಯುವ ತನಕ ಕುರ್ಚಿಯಲ್ಲಿ ಉಳಿದಿದ್ದರೋ! ‘ಶುಭಂ’ ಕಾಣಿಸುವ ಮೊದಲೇ ಎದ್ದು ಸ್ಕೂಟರಿನ ಕಡೆ ಓಡುವ ಜಾಯಮಾನ ನಮ್ಮದು. ಓಡದೆ ಕುಳಿತವರಿಗೆ ಒಂದು ಹಾಡು ಕೇಳಿಸಿರುತ್ತದೆ. ಭೋರ್ಗರೆಯುವ ಎಲೆಕ್ಟ್ರಿಕ್ ಗಿಟಾರುಗಳು, ಎದೆಗೆ ಗುದ್ದುವ ಡ್ರಮ್ಸು, ಅವೆರಡನ್ನೂ ಸೀಳಿಕೊಂಡು ಮೇಲೇಳುವ ಗಂಡು ದನಿ. ಹಾಡಿನ ಹೆಸರು ‘ವಿಂಡಿಕೇಟೆಡ್’. ಹಾಡಿದ ತಂಡ ಅಮೆರಿಕದ ‘ಡ್ಯಾಶ್‌ಬೋರ್ಡ್ ಕನ್‌ಫೆಷನಲ್’.

ಅದೇ ದನಿ ಅದಕ್ಕೆ ನಾಲ್ಕು ವರ್ಷ ಮೊದಲು, ಅಂದರೆ 2000ದಲ್ಲಿ, ಒಂದು ಮರದ ಗಿಟಾರನ್ನು ಮಾತ್ರ ಜೊತೆಗಿಟ್ಟುಕೊಂಡು ಹಾಡುತ್ತಿತ್ತು ಎಂದರೆ ಹೊಸಬರು ನಂಬಲಿಕ್ಕಿಲ್ಲ. ಹಳಬರು ನಂಬುತ್ತಾರೆ. ನಂಬುವುದಷ್ಟೇ ಅಲ್ಲ, ಕೆಲವರು ಇಂದಿಗೂ ಆ ಬದಲಾವಣೆಯನ್ನು ಕ್ಷಮಿಸಿಲ್ಲ!

ಸಣ್ಣ ದನಿಯ ಕಲಾವಿದ ದೊಡ್ಡ ದನಿಗೆ ಹೊರಳಿದರೆ ಅವನು ಏನನ್ನಾದರೂ ಮಾರಿಕೊಂಡನೇ? ಪ್ರಶ್ನೆ ಹಳೆಯದು. ಹಾರ್ಮೋನಿಯಂ, ತಬಲಾಗಳಲ್ಲಿ ಭಾವಗೀತೆ ಕೇಳಿ ಬೆಳೆದ ಅಪ್ಪ, ಅದೇ ಗೀತೆಯನ್ನು ಕೀಬೋರ್ಡು, ರಿದಂ ಪ್ಯಾಡುಗಳೊಡನೆ ಕೇಳಿದಾಗ ಮುಖ ಸಿಂಡರಿಸುವುದೂ ಇದೇ ಕಾರಣಕ್ಕೆ. ಆದರೆ ಈ ಅಮೆರಿಕನ್ ತಂಡದ ವಿಷಯದಲ್ಲಿ ಒಂದು ಅನುಕೂಲವಿದೆ. ಒಂದೇ ಹಾಡನ್ನು ಅವರು ಎರಡು ರೀತಿಯಲ್ಲೂ ಮುದ್ರಿಸಿ ಬಿಟ್ಟುಹೋಗಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನಾವೇ ತೂಗಿ ನೋಡಬಹುದು.

ಏನಿದು ‘ಎಮೋ’?

ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ‘ಎಮೋ’ ಎಂಬ ಪದ ಕಿವಿಗೆ ಬಿದ್ದಿರಲೂಬಹುದು. ‘ಎಮೋಷನಲ್’ ಎಂಬುದರ ಮೊಟಕು ರೂಪ. 1980ರ ದಶಕದ ನಡುವಿನಲ್ಲಿ ವಾಷಿಂಗ್ಟನ್ ನಗರದಲ್ಲಿ ಹುಟ್ಟಿಕೊಂಡಿತು. ಅಲ್ಲಿ ಆಗ ‘ಹಾರ್ಡ್‌ಕೋರ್ ಪಂಕ್’ ಎಂಬ ವೇಗದ, ಸಿಟ್ಟಿನ ಸಂಗೀತದ ಭರಾಟೆ. ‘ರೈಟ್ಸ್ ಆಫ್ ಸ್ಪ್ರಿಂಗ್’, ‘ಎಂಬ್ರೇಸ್’ ಮುಂತಾದ ತಂಡಗಳು ಆ ಸಿಟ್ಟನ್ನು ಸರಕಾರ, ಸಮಾಜಗಳ ಮೇಲಿಂದ ತಿರುಗಿಸಿ ತಮ್ಮ ಒಳಗಿನ ನೋವಿನ ಕಡೆಗೆ ಹರಿಯಬಿಟ್ಟವು. ಯಾರೋ ಅದನ್ನು ‘ಎಮೋಷನಲ್ ಹಾರ್ಡ್‌ಕೋರ್’ ಎಂದರು, ಅದು ಸವೆದು ‘ಎಮೋ’ ಆಯಿತು. ಹುಟ್ಟುಹಾಕಿದವರಿಗೇ ಆ ಹೆಸರು ಹಿಡಿಸಲಿಲ್ಲ. ಹಣೆಪಟ್ಟಿ ಮಾತ್ರ ಕಿತ್ತುಬರದಂತೆ ಅಂಟಿತು.

ಹಾಗಾಗಿ ಎಮೋ ಹುಟ್ಟಿದ್ದು ಗದ್ದಲದಲ್ಲೇ, ಮೆಲುದನಿಯಲ್ಲಲ್ಲ. ಈ ಮಾತನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಬೇರೆಯಾಗಿಯೇ ಕಾಣುತ್ತದೆ.

ಕ್ರಿಸ್ ಕರಾಬಾ ಹುಟ್ಟಿದ್ದು 1975ರಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ. ಹದಿಹರೆಯದಲ್ಲಿ ಕುಟುಂಬದೊಂದಿಗೆ ಫ್ಲಾರಿಡಾಕ್ಕೆ ಬಂದ. ಅಲ್ಲಿ ಶಾಲೆಯೊಂದರಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುತ್ತ, ಉಳಿದ ಹೊತ್ತಿನಲ್ಲಿ ಹಾಡುತ್ತಿದ್ದ. ಅವನಿದ್ದ ‘ಫರ್ದರ್ ಸೀಮ್ಸ್ ಫಾರೆವರ್’ ಪೂರ್ಣಪ್ರಮಾಣದ ರಾಕ್ ತಂಡ. ಎರಡು ಗಿಟಾರು, ಡ್ರಮ್ಸು, ಏರುದನಿ, ಎಲ್ಲವೂ ಇದ್ದವು. ಆ ತಂಡದ ಗದ್ದಲಕ್ಕೆ ಒಗ್ಗದ, ತೀರಾ ಖಾಸಗಿಯಾದ ಹಾಡುಗಳನ್ನು ಪಕ್ಕಕ್ಕಿಟ್ಟು ಒಬ್ಬನೇ ಮುದ್ರಿಸಿಕೊಂಡ. ಹಾಗೆ ಬಂದದ್ದು 2000ದ ‘ದಿ ಸ್ವಿಸ್ ಆರ್ಮಿ ರೊಮಾನ್ಸ್’. ಕಾರಿನ ಚಾಲಕನ ಮುಂದಿರುವ ಹಲಗೆ ಡ್ಯಾಶ್‌ಬೋರ್ಡು. ಕ್ಯಾಥೊಲಿಕ್ ಇಗರ್ಜಿಯಲ್ಲಿ ಪಾಪನಿವೇದನೆ ಮಾಡುವ ಜಾಗ ಕನ್‌ಫೆಷನಲ್. ರಾತ್ರಿ ಒಬ್ಬನೇ ಮನೆಗೆ ಮರಳುವಾಗ ಕಾರೇ ತನ್ನ ನಿವೇದನೆಗೆ ಕಿವಿಗೊಡುತ್ತದೆ ಎಂಬ ಅವನದೇ ಹಾಡಿನ ಕಲ್ಪನೆಯಿಂದ ಆ ವಿಚಿತ್ರ ಹೆಸರು ಬಂತು.

ಮರು ವರ್ಷ ರಾಕ್ ತಂಡ ಬಿಟ್ಟು ಪೂರ್ತಿಯಾಗಿ ಇದಕ್ಕೇ ಇಳಿದಿದ್ದ. 2001ರ ಮಾರ್ಚಿನಲ್ಲಿ ಎರಡನೆಯ ಆಲ್ಬಂ ‘ದಿ ಪ್ಲೇಸಸ್ ಯು ಹ್ಯಾವ್ ಕಮ್ ಟು ಫಿಯರ್ ದಿ ಮೋಸ್ಟ್’ ಬಂತು. ಅದರ ‘ಸ್ಕ್ರೀಮಿಂಗ್ ಇನ್‌ಫಿಡೆಲಿಟೀಸ್’ ಹಾಡಿನ ವಿಡಿಯೊಗೆ 2002ರಲ್ಲಿ ಎಂಟಿವಿಯ ಬಹುಮಾನವೂ ಸಿಕ್ಕಿತು.

ಸಭೆಯೇ ಪಕ್ಕವಾದ್ಯ

ಈ ಹಾಡುಗಳ ಗುಟ್ಟೇನು? ಸಂಗೀತದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಪಾಂಡಿತ್ಯವೇನೂ ಇರಲಿಲ್ಲ. ಗಿಟಾರಿನ ಶ್ರುತಿಯನ್ನು ಹಾಡಿಗೊಂದು ಥರ ಬದಲಿಸಿಕೊಂಡು, ಕೆಲವು ತಂತಿಗಳನ್ನು ತಂಬೂರಿಯಂತೆ ತೆರೆದು ಮೊಳಗಲು ಬಿಟ್ಟು, ಉಳಿದವುಗಳ ಮೇಲೆ ಬೆರಳಾಡಿಸುವುದು ಅವನ ರೀತಿ. ಮಾತುಗಳು ಡೈರಿಯ ಪುಟದಂತೆ. ‘ಪ್ರೇಮ’, ‘ವಿರಹ’ ಎಂಬ ದೊಡ್ಡ ಶಬ್ದಗಳ ಬದಲು ಕೂದಲು, ಬಟ್ಟೆ, ಫೋನು, ಕಾರು. ಕೇಳುವ ಹದಿನೇಳರ ಹುಡುಗನಿಗೆ ‘ಅರೆ, ಇದು ನನ್ನದೇ’ ಅನ್ನಿಸಲು ಅಷ್ಟು ಸಾಕಲ್ಲ!

ಅದಕ್ಕಿಂತ ದೊಡ್ಡ ಸಂಗತಿ ನಡೆದದ್ದು ಸಭೆಯಲ್ಲಿ. ಒಬ್ಬನೇ ಗಿಟಾರು ಹಿಡಿದು ಹಾಡಿದರೆ ಹಾಡಿನಲ್ಲಿ ಬೇಕಾದಷ್ಟು ಖಾಲಿ ಜಾಗ ಉಳಿಯುತ್ತದೆ. ಆ ಜಾಗವನ್ನು ಕೇಳುಗರು ತುಂಬಿಬಿಟ್ಟರು. ಪಲ್ಲವಿ ಮಾತ್ರವಲ್ಲ, ಚರಣ ಚರಣವನ್ನೂ ಗಂಟಲು ಕಟ್ಟುವ ಹಾಗೆ ಹಾಡತೊಡಗಿದರು. 2002ರಲ್ಲಿ ಎಂಟಿವಿಯ ‘ಅನ್‌ಪ್ಲಗ್ಡ್’ ಕಾರ್ಯಕ್ರಮಕ್ಕೆ ಕರೆ ಬಂತು. ಎರಿಕ್ ಕ್ಲಾಪ್ಟನ್, ‘ನಿರ್ವಾಣ’ದಂಥ ಘಟಾನುಘಟಿಗಳು ಕೂತು ಹಾಡಿದ ವೇದಿಕೆ ಅದು. ಅವರ ಪಕ್ಕದಲ್ಲಿ ಕರಾಬಾ ಇನ್ನೂ ಎಳಸು. ವಿದ್ಯುತ್ ವಾದ್ಯಗಳವರು ಪ್ಲಗ್ ಕಿತ್ತು ಹಾಡಲೆಂದೇ ಹುಟ್ಟಿದ ಕಾರ್ಯಕ್ರಮಕ್ಕೆ, ಪ್ಲಗ್ಗಿಲ್ಲದೆಯೇ ಹೆಸರಾದವನನ್ನು ಕರೆದದ್ದೇ ತಮಾಷೆ. ಅಂದಿನ ಮುದ್ರಿಕೆಯನ್ನು ಇಂದು ಕೇಳಿದರೂ ಮೈ ಜುಮ್ಮೆನ್ನುತ್ತದೆ. ಎಷ್ಟೋ ಕಡೆ ಅವನು ಬಾಯಿ ಮುಚ್ಚಿಕೊಂಡಿದ್ದಾನೆ, ಸಭೆ ಹಾಡುತ್ತಿದೆ. ಅಂಥ ಕಡೆಗಳಲ್ಲಿ ಗಾಯಕ ಯಾರು, ಕೇಳುಗ ಯಾರು?

ಇಷ್ಟೊಂದು ಜನ ಬರತೊಡಗಿದ ಮೇಲೆ ಕಷ್ಟವೂ ಶುರುವಾಯಿತು. ಇನ್ನೂರು ಜನರ ಕೋಣೆಗೆ ಸಾಲುವ ಗಿಟಾರು ಸಾವಿರಾರು ಜನರ ಸಭಾಂಗಣಕ್ಕೆ ಸಾಲದು. ಅಷ್ಟರಲ್ಲಿ ಅವನ ಸುತ್ತ ತಂಡವೊಂದು ಕೂಡಿಕೊಂಡಿತ್ತು: ಡ್ರಮ್ಸಿಗೆ ಮೈಕ್ ಮಾರ್ಶ್, ಗಿಟಾರಿಗೆ ಜಾನ್ ಲೆಫ್ಲರ್, ಬೇಸ್ ಗಿಟಾರಿಗೆ ಸ್ಕಾಟ್ ಶೋನ್‌ಬೆಕ್.

ಶಬ್ದದ ಲೆಕ್ಕಾಚಾರ

ವಿಜ್ಞಾನ ಓದುವ ವಿದ್ಯಾರ್ಥಿಗಳು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಹತ್ತಿರ ಕೂತು ಕೇಳಿದರೆ ಮರದ ಗಿಟಾರಿನ ಸದ್ದು ಸುಮಾರು 80 ಡೆಸಿಬಲ್. ಜೋರಾಗಿ ಬಾರಿಸಿದ ಡ್ರಮ್ಸು 100 ದಾಟುತ್ತದೆ. ವ್ಯತ್ಯಾಸ 20 ತಾನೇ ಎನ್ನಬೇಡಿ. ಪ್ರತಿ 10 ಡೆಸಿಬಲ್ಲಿಗೆ ಧ್ವನಿಯ ಶಕ್ತಿ ಹತ್ತು ಪಟ್ಟು ಏರುವುದರಿಂದ 20 ಎಂದರೆ ನೂರು ಪಟ್ಟು! ಗಿಟಾರಿಗೆ ಮೈಕು ಹಿಡಿದು ಸ್ಪೀಕರಿನಲ್ಲಿ ಏರಿಸೋಣವೆಂದರೆ ಇನ್ನೊಂದು ಪೀಕಲಾಟ. ಮರದ ಗಿಟಾರಿನ ಹೊಟ್ಟೆ ಟೊಳ್ಳು. ಸ್ಪೀಕರಿನಿಂದ ಬಂದ ಶಬ್ದಕ್ಕೆ ಆ ಹೊಟ್ಟೆ ತಾನೂ ಕಂಪಿಸುತ್ತದೆ, ಆ ಕಂಪನ ಮತ್ತೆ ಮೈಕಿಗೆ ಹೋಗುತ್ತದೆ, ಮೈಕಿನಿಂದ ಸ್ಪೀಕರಿಗೆ. ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತ ಕೂಡಲೇ ‘ಕುಂಯ್’ ಎಂದು ಕಿರುಚುತ್ತದಲ್ಲ, ಅದೇ ಸಂಗತಿ.

ಎಲೆಕ್ಟ್ರಿಕ್ ಗಿಟಾರಿನಲ್ಲಿ ಈ ಕಾಟ ಬಹಳ ಕಡಿಮೆ. ಉಕ್ಕಿನ ತಂತಿಯ ಕಂಪನವನ್ನು ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ ನೇರವಾಗಿ ವಿದ್ಯುತ್ತಾಗಿ ಎತ್ತಿಕೊಳ್ಳುತ್ತದೆ. ಟೊಳ್ಳು ಹೊಟ್ಟೆಯ ಹಂಗಿಲ್ಲ. ಆದರೆ ಬೇರೊಂದು ಬೆಲೆ ತೆರಬೇಕು. ಆಂಪ್ಲಿಫೈಯರನ್ನು ಮಿತಿಮೀರಿ ದುಡಿಸಿದಾಗ ಬರುವ ಒರಟು ನಾದದಲ್ಲಿ ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಕೇಳುತ್ತವೆ. ನಾಲ್ಕೈದು ಸ್ವರಗಳ ಸೂಕ್ಷ್ಮ ಮೇಳವನ್ನು ಹಾಗೆ ನುಡಿಸಿದರೆ ಕಲಸುಮೇಲೋಗರ. ಅದಕ್ಕೇ ರಾಕ್ ಗಿಟಾರಿಗರು ಹಲವು ಬಾರಿ ಎರಡೇ ಸ್ವರಗಳನ್ನು, ನಮ್ಮ ಲೆಕ್ಕದಲ್ಲಿ ಷಡ್ಜ-ಪಂಚಮಗಳನ್ನು, ಹಿಡಿದು ಬಾರಿಸುತ್ತಾರೆ. ಕರಾಬಾನ ತೆರೆದ ತಂತಿಗಳ ನವಿರು ಕುಸುರಿ ಅಲ್ಲಿ ಹಾಗೆಯೇ ಉಳಿಯುವಂತಿರಲಿಲ್ಲ.

ಲಯದ್ದೂ ಒಂದು ಮಾತಿದೆ. ಒಬ್ಬನೇ ಹಾಡುವವನು ಮನಸ್ಸು ಭಾರವಾದಲ್ಲಿ ನಿಧಾನಿಸುತ್ತಾನೆ, ಉದ್ವೇಗ ಬಂದಲ್ಲಿ ಓಡುತ್ತಾನೆ. ಡ್ರಮ್ಸು ಬಂದ ಮೇಲೆ ಆ ಸ್ವಾತಂತ್ರ್ಯ ಹೋಯಿತು. ನಾಲ್ವರೂ ಒಂದೇ ಗಡಿಯಾರಕ್ಕೆ ಕಟ್ಟುಬೀಳಬೇಕು. ಪ್ರತಿಯಾಗಿ ಸಿಗುವುದು ಬಲ. ಒಮ್ಮೆ ಎಲ್ಲ ನಿಲ್ಲಿಸಿ ಮತ್ತೆ ಒಟ್ಟಿಗೆ ಅಪ್ಪಳಿಸಿದಾಗ ಆಗುವ ರೋಮಾಂಚನ ಒಂಟಿ ಗಿಟಾರಿಗೆ ದಕ್ಕುವಂಥದ್ದಲ್ಲ.

ಈ ನಿಲ್ಲಿಸಿ ಅಪ್ಪಳಿಸುವ ವಿದ್ಯೆಯಲ್ಲಿ ಪಳಗಿದವರು ಇಂಗ್ಲೆಂಡಿನ ಗಿಲ್ ನಾರ್ಟನ್. ‘ಪಿಕ್ಸೀಸ್’ ತಂಡದ ‘ಡೂಲಿಟಲ್’ (1989), ‘ಫೂ ಫೈಟರ್ಸ್’ ತಂಡದ ‘ದಿ ಕಲರ್ ಆ್ಯಂಡ್ ದಿ ಶೇಪ್’ (1997) ಅವರ ನಿರ್ಮಾಣಗಳು. ಡ್ಯಾಶ್‌ಬೋರ್ಡ್ ತಂಡದ ಮೂರನೆಯ ಆಲ್ಬಮಿಗೆ ಅವರೇ ಬಂದರು. 2003ರ ಆಗಸ್ಟಿನಲ್ಲಿ ‘ಎ ಮಾರ್ಕ್, ಎ ಮಿಷನ್, ಎ ಬ್ರಾಂಡ್, ಎ ಸ್ಕಾರ್’ ಹೊರಬಂದು, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಎರಡನೆಯ ಸ್ಥಾನಕ್ಕೇರಿತು.

ಒಂದೇ ಹಾಡು, ಎರಡು ಅವತಾರ

ಆ ಆಲ್ಬಂ ತೆರೆಯುವ ಹಾಡೇ ‘ಹ್ಯಾಂಡ್ಸ್ ಡೌನ್’. ಹೊಸದಲ್ಲ. 2001ರ ಡಿಸೆಂಬರಿನಲ್ಲಿ ಬಂದ ‘ಸೋ ಇಂಪಾಸಿಬಲ್’ ಎಂಬ ನಾಲ್ಕೇ ಹಾಡುಗಳ ಪುಟ್ಟ ಮುದ್ರಿಕೆಯಲ್ಲಿ ಇದು ಕೊನೆಯದು. ಆ ನಾಲ್ಕೂ ಸೇರಿದರೆ ಒಂದು ಸಣ್ಣ ಕಥೆ. ಹುಡುಗ ಹುಡುಗಿಯನ್ನು ದೂರದಿಂದ ನೋಡುತ್ತಾನೆ, ಕರೆ ಬರುತ್ತದೆ, ಹೊರಡುವ ಮುನ್ನ ಎದೆ ಡವಗುಟ್ಟುತ್ತದೆ, ಕೊನೆಗೆ ಆ ಸಂಜೆಯ ಭೇಟಿ. ಅಳುಬುರುಕ ಎಂದು ಹಂಗಿಸಿಕೊಂಡವನ ಈ ಹಾಡಿನ ತುಂಬ ಸಂತೋಷವೇ ತುಂಬಿದೆ!

2001ರ ರೂಪದಲ್ಲಿ ಆ ಸಂತೋಷ ಒಳಗೊಳಗೇ ಇದೆ. ನಡೆದದ್ದನ್ನು ಅತಿ ಹತ್ತಿರದ ಗೆಳೆಯನೊಬ್ಬನಿಗೆ ರಾತ್ರಿ ಪಿಸುಗುಟ್ಟಿದ ಹಾಗೆ. ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. 2003ರ ರೂಪದಲ್ಲಿ ಅದೇ ಹುಡುಗ ಮಹಡಿ ಹತ್ತಿ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದಾನೆ. ರಾಗ ಅದೇ, ಮಾತು ಅದೇ. ನನಗೆ ಕೇಳಿದರೆ ಎರಡನೆಯದೇ ಮೇಲು. ಯಾಕೆಂದರೆ ಈ ಸಂತೋಷ ಪಿಸುಮಾತಿನಲ್ಲಿ ಹಿಡಿಸುವಂಥದ್ದಲ್ಲ. ಹಾಡಿಗೇ ಡ್ರಮ್ಸು ಬೇಕಿತ್ತು. ಆದರೆ ‘ಸ್ಕ್ರೀಮಿಂಗ್ ಇನ್‌ಫಿಡೆಲಿಟೀಸ್’ ವಿಷಯಕ್ಕೆ ಬಂದರೆ ನನ್ನ ತೀರ್ಪು ತಿರುಗುಮುರುಗು. ಅದೂ ಎರಡು ಸಲ ಮುದ್ರಣಗೊಂಡಿದೆ. ಬಿಟ್ಟುಹೋದವಳ ನೆನಪಲ್ಲಿ ಒಬ್ಬನೇ ಕೂತವನ ಪಕ್ಕದಲ್ಲಿ ಡ್ರಮ್ಸಿನವನಿಗೇನು ಕೆಲಸ? 2000ದ ಒಂಟಿ ಗಿಟಾರಿನದೇ ನನಗೆ ಇಷ್ಟ. ಮನೆಯಲ್ಲಿ ವಾದ ಎದ್ದರೆ ಏಳಲಿ, ಒಳ್ಳೆಯದೇ.

ಆಗ ಮುನಿಸಿಕೊಂಡ ಅಭಿಮಾನಿಗಳ ಆಕ್ಷೇಪ ಮಾತ್ರ ಇಷ್ಟು ಸೂಕ್ಷ್ಮವಾಗಿರಲಿಲ್ಲ. ಮರದ ಗಿಟಾರು ಪ್ರಾಮಾಣಿಕ, ಎಲೆಕ್ಟ್ರಿಕ್ ಗಿಟಾರು ವ್ಯಾಪಾರಿ ಎಂಬ ನೇರ ಸಮೀಕರಣ. ಇದೂ ಹೊಸದಲ್ಲ. 1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರು ಹಿಡಿದು ನಿಂತಾಗ ಸಭೆಯ ಒಂದು ಭಾಗ ಕೂಗೆಬ್ಬಿಸಿತು. ಕೂಗಿದ್ದು ಗಿಟಾರಿಗೋ, ಕೆಟ್ಟ ಧ್ವನಿವರ್ಧಕಕ್ಕೋ, ಮೂರೇ ಹಾಡಿಗೆ ಇಳಿದುಹೋದದ್ದಕ್ಕೋ ಎಂದು ಇಂದಿಗೂ ಜಗಳವಿದೆ. ಮರುವರ್ಷ ಮ್ಯಾಂಚೆಸ್ಟರಿನಲ್ಲಂತೂ ಸಭಿಕನೊಬ್ಬ ಅವನನ್ನು ‘ಜೂಡಾಸ್’ ಎಂದು, ಏಸುವಿಗೆ ದ್ರೋಹ ಬಗೆದ ಶಿಷ್ಯನ ಹೆಸರಿನಿಂದಲೇ, ಕೂಗಿ ಕರೆದ.

ಡಿಲನ್ ಜಾನಪದದಿಂದ ರಾಕ್‌ಗೆ ಬಂದವನು ಎಂಬುದೇ ಜನ ಹೇಳುವ ಕಥೆ. ಹುಡುಗನಾಗಿದ್ದಾಗ ರಾಕ್ ಅಂಡ್ ರೋಲ್ ಹುಚ್ಚು ಹತ್ತಿಸಿಕೊಂಡಿದ್ದ ಎಂಬುದನ್ನು ಮರೆಯುತ್ತಾರೆ. ಕರಾಬಾನ ಕಥೆಯೂ ಥೇಟ್ ಹಾಗೆಯೇ. ಗದ್ದಲದ ತಂಡದಿಂದ ಹೊರಬಂದು ಮೆಲ್ಲಗೆ ಹಾಡಿದವನು ಮತ್ತೆ ಗದ್ದಲಕ್ಕೆ ಮರಳಿದ. ಕೇಳುಗರು ಅವನನ್ನು ಮೊದಲು ಕಂಡದ್ದು ಮರದ ಗಿಟಾರಿನೊಡನೆ, ಹಾಗಾಗಿ ಅದೇ ಅವನ ನಿಜರೂಪ ಎಂದುಕೊಂಡರು. ತಪ್ಪು ಅವರದೂ ಅಲ್ಲ. ಹದಿನೇಳರಲ್ಲಿ ನಮ್ಮ ಕೈಹಿಡಿದ ಹಾಡು ಬದಲಾದರೆ ನಾವೇ ಎಲ್ಲೋ ಕಳೆದುಹೋದಂತೆ ಅನ್ನಿಸುತ್ತದೆ.

ಎಲ್ಲಿ ತಪ್ಪಿತು ತಾಳ?

ಹಾಗೆಂದು ಅಭಿಮಾನಿಗಳ ದೂರಿನಲ್ಲಿ ಹುರುಳೇ ಇರಲಿಲ್ಲವೆನ್ನಲಾರೆ. 2005ರಲ್ಲಿ ತಂಡ ‘ಯು-2’ ತಂಡದ ಭಾರೀ ಪ್ರವಾಸದ ಕೆಲವು ಕಛೇರಿಗಳಲ್ಲಿ ಮೊದಲಿಗೆ ಹಾಡಿತು. ಕ್ರೀಡಾಂಗಣದಷ್ಟು ದೊಡ್ಡ ಜಾಗಗಳು. ಮರುವರ್ಷದ ‘ಡಸ್ಕ್ ಆ್ಯಂಡ್ ಸಮ್ಮರ್’ ಆಲ್ಬಮಿಗೆ ‘ಲಿಂಕಿನ್ ಪಾರ್ಕ್’ ಖ್ಯಾತಿಯ ಡಾನ್ ಗಿಲ್ಮೋರ್ ನಿರ್ಮಾಪಕರು. ‘ಯು-2’ರ ‘ದಿ ಜೋಶುವಾ ಟ್ರೀ’ಯ ನಿರ್ಮಾಪಕರಲ್ಲಿ ಒಬ್ಬರಾದ ಡೇನಿಯಲ್ ಲಾನ್ವಾ ಅವರೂ ಕೈಜೋಡಿಸಿದರು. ಅದೂ ಎರಡನೆಯ ಸ್ಥಾನಕ್ಕೇರಿತು. ಸದ್ದು ನಿಜಕ್ಕೂ ಬೃಹತ್ತು, ನುಣುಪು ನುಣುಪು. ಆದರೆ ಗಿಟಾರುಗಳ ಮೇಲೆ ಗಿಟಾರು ಪೇರಿಸಿದ ಆ ಗೋಡೆಯಲ್ಲಿ ಕೇಳುಗನಿಗೆ ದನಿ ಸೇರಿಸಲು ಬಿರುಕೇ ಸಿಗುವುದಿಲ್ಲ. ಮಾತುಗಳೂ ಬದಲಾದವು. ಫೋನು, ಕೂದಲು, ಬಟ್ಟೆಯ ಬದಲು ಕಡಲು, ಬೇಸಿಗೆ, ರಾತ್ರಿ. ದೂರದ ಕುರ್ಚಿಗೂ ತಲುಪಬೇಕೆಂದು ಹೊರಟ ಮಾತು ಎಲ್ಲರದೂ ಆಗಿ, ಯಾರದೂ ಅಲ್ಲವಾಯಿತು.

ಅದು ಅವನಿಗೂ ಅನ್ನಿಸಿರಬೇಕು. 2007ರ ‘ದಿ ಶೇಡ್ ಆಫ್ ಪಾಯ್ಸನ್ ಟ್ರೀಸ್’ನಲ್ಲಿ ಮರಳಿ ಮರದ ಗಿಟಾರಿಗೇ ಬಂದ. ಹಳಬರು ಹಿಗ್ಗಿದರು. ಸೋಜಿಗವೆಂದರೆ, ಹಾಡುಗಳು ಚೊಕ್ಕವಾಗಿದ್ದರೂ 2001ರ ಕಾವು ಅವುಗಳಲ್ಲಿಲ್ಲ. ಮರದ ಗಿಟಾರಿನಲ್ಲೇ ಮಂತ್ರವಿದ್ದರೆ ಇಲ್ಲೂ ಫಲಿಸಬೇಕಿತ್ತಲ್ಲ? 2009ರ ‘ಆಲ್ಟರ್ ದಿ ಎಂಡಿಂಗ್’ ಹೊತ್ತಿಗೆ ಇನ್ನೊಂದು ಉಪಾಯ. ವಿಶೇಷ ಆವೃತ್ತಿಯಲ್ಲಿ ಎರಡು ಸೀಡಿ: ಒಂದರಲ್ಲಿ ಇಡೀ ತಂಡದ ಅಬ್ಬರ, ಇನ್ನೊಂದರಲ್ಲಿ ಅವೇ ಹಾಡುಗಳ ಅಕೌಸ್ಟಿಕ್ ರೂಪ. ಯಾವುದು ಬೇಕೋ ನೀವೇ ಆರಿಸಿಕೊಳ್ಳಿ ಎಂದಂತಿತ್ತು.

ಕಾಲೇಜಿನಲ್ಲಿ ತಂಡ ಕಟ್ಟಿಕೊಂಡು ತಿರುಗುವ ಹುಡುಗ ಹುಡುಗಿಯರು ಇದನ್ನು ತಾವೇ ಪರೀಕ್ಷಿಸಬಹುದು. ನಿಮ್ಮದೇ ಹಾಡೊಂದನ್ನು ಒಂದು ಗಿಟಾರಿನೊಂದಿಗೆ ಹಾಡಿ ಮೊಬೈಲಿನಲ್ಲಿ ಹಿಡಿಯಿರಿ. ಆಮೇಲೆ ಇಡೀ ತಂಡದೊಂದಿಗೆ. ಒಂದು ವಾರ ಬಿಟ್ಟು ಎರಡನ್ನೂ ಕೇಳಿ. ಎರಡನೆಯದರಲ್ಲಿ ಮಾತು ತಿಳಿಯುತ್ತದೆಯೇ, ಪಕ್ಕದಲ್ಲಿ ಕೂತ ಗೆಳತಿಗೆ ಗುನುಗಬೇಕು ಅನ್ನಿಸುತ್ತದೆಯೇ ನೋಡಿ. ಅನ್ನಿಸದಿದ್ದರೆ ಆಂಪ್ಲಿಫೈಯರಿನ ಗುಂಡಿ ತಿರುಗಿಸಿ ಪ್ರಯೋಜನವಿಲ್ಲ. ಯಾವ ವಾದ್ಯ ಬಿಡಬೇಕು ಎಂದು ಯೋಚಿಸಿ.

ಇನ್ನು ತಂದೆ-ತಾಯಂದಿರಿಗೆ. ಮಗ ಬಾಗಿಲು ಮುಚ್ಚಿಕೊಂಡು ಅಳುವ ಹಾಡು ಕೇಳುತ್ತಾನೆ ಎಂದರೆ ಗಾಬರಿ ಸಹಜ. 2008ರಲ್ಲಿ ಬ್ರಿಟನ್ನಿನ ‘ಡೈಲಿ ಮೇಲ್’ ಪತ್ರಿಕೆ ಎಮೋ ಸಂಗೀತವನ್ನು ಅಪಾಯಕಾರಿ ಎಂಬಂತೆ ಚಿತ್ರಿಸಿದ್ದಕ್ಕೆ, ‘ಮೈ ಕೆಮಿಕಲ್ ರೊಮಾನ್ಸ್’ ತಂಡದ ಅಭಿಮಾನಿ ಮಕ್ಕಳು ಪತ್ರಿಕೆಯ ಕಚೇರಿಯೆದುರೇ ಪ್ರತಿಭಟನೆ ನಡೆಸಿದ್ದರು. ದುಃಖದ ಹಾಡು ಕೇಳುವುದೇ ರೋಗವೆಂದರೆ ‘ಬ್ಲ್ಯಾಕ್ ಅಂಡ್ ವೈಟ್’ ಕಾಲದ ಚಿತ್ರಗೀತೆಗಳಿಗೆ ಕಣ್ಣೀರಿಟ್ಟ ನಾವ್ಯಾರೂ ಉಳಿಯುತ್ತಿರಲಿಲ್ಲ. ಊಟ ನಿದ್ದೆ ಬಿಟ್ಟ, ಗೆಳೆಯರನ್ನೇ ದೂರ ಮಾಡಿದ ಎಂದರೆ ಆಗ ಬೇರೆ ಮಾತು. ಆಗಲೂ ವಿಚಾರಿಸಬೇಕಾದ್ದು ಹುಡುಗನನ್ನು, ವೈದ್ಯರನ್ನು. ಹಾಡನ್ನಲ್ಲ. ಯಾವ ಹಾಡು ಕೇಳುತ್ತಿದ್ದೀಯಪ್ಪ ಎಂದು ಪಕ್ಕದಲ್ಲಿ ಕೂತರೆ ಮಾತಿಗೆ ಒಂದು ದಾರಿಯಾದರೂ ಸಿಗುತ್ತದೆ.

ಕರಾಬಾ ಆಮೇಲೆ ಕೆಲಕಾಲ ‘ಟ್ವಿನ್ ಫೋರ್ಕ್ಸ್’ ಎಂಬ ಜಾನಪದ ಧಾಟಿಯ ತಂಡ ಕಟ್ಟಿಕೊಂಡಿದ್ದ. ಡ್ಯಾಶ್‌ಬೋರ್ಡ್ ಹೆಸರಿನ ಮುಂದಿನ ಆಲ್ಬಂ ‘ಕ್ರುಕೆಡ್ ಶ್ಯಾಡೋಸ್’ ಬಂದದ್ದು 2018ರಲ್ಲಿ. 2020ರಲ್ಲಿ ಮೋಟಾರ್ ಸೈಕಲ್ ಅಪಘಾತವಾಗಿ ತೀವ್ರ ಗಾಯಗೊಂಡ. ಚೇತರಿಸಿಕೊಂಡ ಮೇಲೆ, 2022ರ ಫೆಬ್ರವರಿಯಲ್ಲಿ ‘ಆಲ್ ದಿ ಟ್ರೂತ್ ದಟ್ ಐ ಕ್ಯಾನ್ ಟೆಲ್’ ಬಂತು. ಬಹುಪಾಲು ಮರದ ಗಿಟಾರೇ. ನಿರ್ಮಾಪಕರು ಜೇಮ್ಸ್ ಪಾಲ್ ವಿಸ್ನರ್, ಮೊದಲ ಎರಡು ಆಲ್ಬಂಗಳನ್ನು ಮುದ್ರಿಸಿದ ಅದೇ ವ್ಯಕ್ತಿ. ಈ ಸಲ ಹಾಡುವವನಿಗೆ ನಲವತ್ತಾರು. ದನಿ ಕೊಂಚ ಇಳಿದಿದೆ, ಮಾತು ಮತ್ತೆ ಹತ್ತಿರ ಬಂದಿದೆ.

ಕೇಳಬೇಕೆಂಬ ಆಸೆಯಾದವರು ‘ಸೋ ಇಂಪಾಸಿಬಲ್’ನ ನಾಲ್ಕು ಹಾಡುಗಳಿಂದ ಶುರು ಮಾಡಿ. ಆಮೇಲೆ 2003ರ ‘ಹ್ಯಾಂಡ್ಸ್ ಡೌನ್’. ಅದಾದ ಮೇಲೆ ‘ಅನ್‌ಪ್ಲಗ್ಡ್’ ಹಾಕಿ, ಹಾಡುಗಾರನಿಗಿಂತ ಸಭೆಯ ಕಡೆಗೆ ಹೆಚ್ಚು ಕಿವಿಗೊಡಿ.